ಪಣಂಬೂರಿನಿಂದ ಹೊರಟ ‘ಓಡಿಸಿ’ ಗಾಡಿ: ನಮ್ಮ ಹೆದ್ದಾರಿಯಲ್ಲಿ ಯಾಕೆ, ಹೇಗೆ, ನಿಂತರೆ ಯಾರಿಗೆ ಕಷ್ಟ?

ಕುಂದಾಪುರ: ಮುಂದೆ ಕೆಂಪು ಬಾವುಟ ಕಟ್ಟಿದ ಜೀಪು. ಅದರ ಹಿಂದೆ ಎಣಿಸಿ ಮುಗಿಯದಷ್ಟು ಚಕ್ರದ ಟ್ರೈಲರು. ಮೇಲೆ ಟಾರ್ಪಲ್ ಸುತ್ತಿದ, ಎರಡು ಅಂತಸ್ತಿನ ಮನೆಯಷ್ಟು ಎತ್ತರದ ಕಬ್ಬಿಣದ ಡ್ರಮ್ಮು. ಅಕ್ಕಪಕ್ಕದಲ್ಲಿ ಹಸಿರು ಜಾಕೆಟ್ ಹಾಕಿಕೊಂಡು ಕೋಲು ಹಿಡಿದು ನಡೆಯುವ ನಾಲ್ಕೈದು ಹುಡುಗರು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಅಂಗಡಿ ಇಟ್ಟವರಿಗೆ ಇಂಥ ಗಾಡಿ ಹೊಸತಲ್ಲ. ಬಂದಾಗಲೆಲ್ಲ ಕೇಳುವ ಪ್ರಶ್ನೆಯೂ ಹೊಸತಲ್ಲ: “ಹ್ವಾಯ್, ಇದ್ ಎಂಥದ್ದ್ ಮರಾಯ್ರೆ? ಎಲ್ಲಿಗ್ ಹೋಪ್ದ್?”

ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವಲ್ಲಿಗೆ ಸಾಮಾನ್ಯವಾಗಿ ವಿಷಯ ಮುಗಿಯುತ್ತದೆ. ಆದರೆ ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆಗೆ ಹೋಗುವ ಆಂಬುಲೆನ್ಸಿಗೂ ಇದೇ ರಸ್ತೆ. ಗಂಗೊಳ್ಳಿಯ ಮೀನು ಲಾರಿಗೂ ಇದೇ ರಸ್ತೆ. ಆದ್ದರಿಂದ ಈ ಗಾಡಿ ಏನು, ಯಾರ ಅನುಮತಿಯಲ್ಲಿ ಬರುತ್ತದೆ, ಅಂಗಡಿಯ ಶೀಟು ಹರಿದರೆ ಯಾರನ್ನು ಕೇಳಬೇಕು ಎಂಬುದು ಮೂರೂ ತಾಲೂಕಿನವರಿಗೆ ಗೊತ್ತಿರುವುದು ಒಳ್ಳೆಯದು.

ಹೆಸರು ಓಡಿಸಿ, ಓಡುವುದು ಮಾತ್ರ ನಿಧಾನ

ಲಾರಿ ಲೈನಿನವರು ಇದನ್ನು ‘ಓಡಿಸಿ’ ಅಂತಾರೆ. ಓವರ್ ಡೈಮೆನ್ಷನಲ್ ಕಾರ್ಗೊ ಎಂಬುದರ ಮೊದಲಕ್ಷರಗಳು ಅವು. ಅಂದರೆ ಅಳತೆ ಮೀರಿದ ಸರಕು.

ಅಳತೆ ಎಷ್ಟು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸರಕು ಗಾಡಿಯ ಅಗಲ 2.6 ಮೀಟರ್ ಮೀರಬಾರದು. ಟ್ರೈಲರ್ ಇಲ್ಲದ ಮಾಮೂಲಿ ಲಾರಿಯ ಉದ್ದ 12 ಮೀಟರ್ ಮೀರಬಾರದು. ಎತ್ತರಕ್ಕೂ ಮಿತಿ ಇದೆ. ತೂಕದ ವಿಚಾರಕ್ಕೆ ಬಂದರೆ, 2018ರಲ್ಲಿ ಕೇಂದ್ರ ಸರ್ಕಾರ ಮಿತಿಯನ್ನು ಏರಿಸಿದ ಮೇಲೂ ದೊಡ್ಡ ಟ್ರೈಲರ್ ಲಾರಿ ಗಾಡಿ-ಸರಕು ಸೇರಿ 55 ಟನ್ ದಾಟುವಂತಿಲ್ಲ. ಬಂದರಿನಿಂದ ದಿನಾ ಹೋಗುವ ಕಂಟೇನರ್ ಲಾರಿಗಳು ಈ ಲೆಕ್ಕದೊಳಗೇ ಕೂರುತ್ತವೆ. ಕಂಟೇನರಿನ ಅಗಲವೇ ಸುಮಾರು 2.44 ಮೀಟರ್. ಜಗತ್ತಿನ ಬಂದರು, ರೈಲು, ರಸ್ತೆ ಎಲ್ಲ ಆ ಡಬ್ಬಿಗೆ ಹೊಂದಿಕೊಂಡಿವೆ.

ಆ ಡಬ್ಬಿಯೊಳಗೆ ಹಿಡಿಯದ ವಸ್ತುಗಳೇ ಓಡಿಸಿ. ವಿದ್ಯುತ್ ಸ್ಥಾವರದ ಟ್ರಾನ್ಸ್‌ಫಾರ್ಮರ್, ಚಿತ್ರದುರ್ಗ-ಗದಗ ಕಡೆಯ ಗಾಳಿಯಂತ್ರದ ರೆಕ್ಕೆ, ಸೇತುವೆಯ ಗರ್ಡರ್ ಹೀಗೆ. ಇವುಗಳಲ್ಲಿ ಅತಿ ಭಾರದವು ಅಂದ್ರೆ ತೈಲ ಮತ್ತು ಗ್ಯಾಸ್ ಉದ್ಯಮದ ಸಲಕರಣೆಗಳು: ರಿಯಾಕ್ಟರ್, ಕಚ್ಚಾ ತೈಲವನ್ನು ಕಾಯಿಸಿ ಬೇರ್ಪಡಿಸುವ ಉದ್ದನೆಯ ಕಾಲಮ್, ಶಾಖ ವಿನಿಮಯದ ಎಕ್ಸ್‌ಚೇಂಜರ್, ಗ್ಯಾಸ್ ಸಂಗ್ರಹದ ಬುಲೆಟ್ ಟ್ಯಾಂಕ್.

ಕರಾವಳಿಗೂ ತೈಲಕ್ಕೂ ಎಂತ ಸಂಬಂಧ?

ಸಂಬಂಧ ಹತ್ತಿರದ್ದೇ. ಪಣಂಬೂರಿನ ನವ ಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಅದರ ಬೆನ್ನಿಗೆ ಸುರತ್ಕಲ್ ಸಮೀಪ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಬಂತು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾದದ್ದು ಈಗ 1.5 ಕೋಟಿ ಟನ್‌ಗೆ ಮುಟ್ಟಿದೆ. ಪ್ರತಿ ಸಲ ಸಾಮರ್ಥ್ಯ ಹೆಚ್ಚಿಸುವಾಗಲೂ ಹೊಸ ರಿಯಾಕ್ಟರ್, ಹೊಸ ಕಾಲಮ್ ಬರಲೇಬೇಕು.

ನಮ್ಮ ಜಿಲ್ಲೆಯೊಳಗೇ, ಕಾಪು ತಾಲೂಕಿನ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಇಡುವ ವ್ಯವಸ್ಥೆ ಇದೆ. ಯುದ್ಧವೋ, ಪೂರೈಕೆಯ ತೊಂದರೆಯೋ ಆದರೆ ದೇಶಕ್ಕೆ ಬೇಕು ಎಂದು ಇಟ್ಟ ತುರ್ತು ದಾಸ್ತಾನು ಇದು. ಮಂಗಳೂರಿನಲ್ಲಿ ಇಂಥದ್ದೇ 15 ಲಕ್ಷ ಟನ್ನಿನದ್ದು ಇದೆ. ಪಾದೂರಿನಲ್ಲಿ ಮತ್ತೆ 25 ಲಕ್ಷ ಟನ್ನಿನ ಎರಡನೇ ಹಂತಕ್ಕೆ 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಎಣ್ಣೆ, ಗ್ಯಾಸ್ ಪೈಪಿನಲ್ಲಿ ಹೋಗುತ್ತದೆ. ಆದರೆ ಅದನ್ನು ಸಂಸ್ಕರಿಸುವ ಯಂತ್ರ ಪೈಪಿನಲ್ಲಿ ಹೋಗುವುದಿಲ್ಲ ಅಲ್ವಾ? ಅದಕ್ಕೆ ರಸ್ತೆಯೇ ಬೇಕು.

ತುಂಡು ಮಾಡಿ ತಂದರೆ ಆಗುದಿಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕೆಲವು ಸಲಕರಣೆಯನ್ನು ತುಂಡಾಗಿ ತಂದು ಜಾಗದಲ್ಲಿ ಜೋಡಿಸುತ್ತಾರೆ. ಆದರೆ ರಿಯಾಕ್ಟರಿನಂಥದ್ದು ಒಳಗೆ ವಿಪರೀತ ಒತ್ತಡ, ವಿಪರೀತ ಬಿಸಿ ತಡೆಯಬೇಕಾದ ಪಾತ್ರೆ. ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಜ್ಜ ಅಂದುಕೊಳ್ಳಿ. ಅದರ ಉಕ್ಕಿನ ಗೋಡೆ ಅಂಗೈಗಿಂತ ದಪ್ಪ ಇರುವುದುಂಟು. ಅದನ್ನು ಕಾರ್ಖಾನೆಯಲ್ಲಿ ಬೆಸುಗೆ ಹಾಕಿ, ಬೆಸುಗೆಯನ್ನು ಎಕ್ಸ್‌ರೇಯಂಥ ವಿಧಾನದಲ್ಲಿ ಪರೀಕ್ಷಿಸಿ, ದೊಡ್ಡ ಒಲೆಯಲ್ಲಿ ಕಾಯಿಸಿ ಹದ ಮಾಡಿ, ಕೊನೆಗೆ ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಕತ್ತರಿಸಿ ತಂದು ಬಯಲಲ್ಲಿ ಮತ್ತೆ ಬೆಸೆದರೆ ಆ ಪರೀಕ್ಷೆಗೆ ಬೆಲೆ ಇಲ್ಲ. ಹಾಗಾಗಿ ಇಡಿಯಾಗಿಯೇ ಬರಬೇಕು.

ರೈಲಿನಲ್ಲಿ? ಅಲ್ಲಿ ಅಗಲದ ಮಿತಿ ಮೂರೂಕಾಲು ಮೀಟರ್ ಆಸುಪಾಸು. ಕೊಂಕಣ ರೈಲ್ವೆಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ಗೆ ಲಾರಿಗಳನ್ನೇ ರೈಲಿಗೆ ಹತ್ತಿಸಿ ಒಯ್ಯುವ ರೋರೋ ಸೇವೆ ಇದ್ದರೂ ಅದು ಮಾಮೂಲಿ ಲಾರಿಗೆ ಮಾತ್ರ. ಐದು ಮೀಟರ್ ಅಗಲದ ಪಾತ್ರೆ ಸುರಂಗದ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಸಾಧ್ಯವಾದಷ್ಟು ದೂರ ಸಮುದ್ರದಲ್ಲೇ ತರುತ್ತಾರೆ. ಗುಜರಾತಿನ ಹಜೀರಾದಂಥ ಕಡಲ ಬದಿಯ ಕಾರ್ಖಾನೆಗಳಲ್ಲಿ ಇಂಥ ಪಾತ್ರೆ ತಯಾರಾಗುವುದು ಇದೇ ಕಾರಣಕ್ಕೆ. ಹಡಗು ಬಂದರಿಗೆ ಬಂದ ಮೇಲೆ ಉಳಿದ ದಾರಿ ಮಾತ್ರ ರಸ್ತೆ. ಎಂಆರ್‌ಪಿಎಲ್‌ಗೆ ಬರುವುದಾದರೆ ಆ ದಾರಿ ಕೆಲವೇ ಕಿಲೋಮೀಟರ್, ನಮ್ಮ ಕಡೆ ಬರುವ ಪ್ರಶ್ನೆಯೇ ಇಲ್ಲ. ಪಣಂಬೂರಿನಲ್ಲಿ ಇಳಿದು ಬೇರೆ ಊರಿಗೆ ಹೋಗುವುದು, ಅಥವಾ ಬೇರೆ ಊರಲ್ಲಿ ತಯಾರಾಗಿ ರಸ್ತೆಯಲ್ಲೇ ಮಂಗಳೂರಿಗೆ ಬರುವುದು ಮಾತ್ರ ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಘಟ್ಟ ಹತ್ತದ ಕಾರಣ ಕುಂದಾಪುರಕ್ಕೆ

ಮಂಗಳೂರಿನಿಂದ ಘಟ್ಟದ ಮೇಲೆ ಹೋಗಲು ಹತ್ತಿರದ ದಾರಿ ಶಿರಾಡಿ. ಆದರೆ ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿತದ ಭಯ, ಭಾರೀ ಗಾಡಿಗಳಿಗೆ ಆಗಾಗ ನಿರ್ಬಂಧ. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆ ಶಿರಾಡಿಯನ್ನು ಸುಮಾರು ಆರು ತಿಂಗಳು ಮುಚ್ಚಿದಾಗ ಲಾರಿಗಳೆಲ್ಲ ಬೇರೆ ಬೇರೆ ಘಾಟಿ ಹುಡುಕಿಕೊಂಡು ಹೋದದ್ದು ನೆನಪಿರಬಹುದು. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಭಾರೀ ವಾಹನಕ್ಕೆ ಪ್ರವೇಶ ಇಲ್ಲ. ನಮ್ಮ ಹುಲಿಕಲ್, ಅಂದರೆ ಬಾಳೆಬರೆ ಘಾಟಿ ಮತ್ತು ಕೊಲ್ಲೂರಿನ ನಾಗೋಡಿ ದಾರಿ ಬಸ್ಸು ಲಾರಿಗೇ ಕಷ್ಟ. ಇಪ್ಪತ್ತೈದು ಮೂವತ್ತು ಮೀಟರ್ ಉದ್ದದ ಸರಕು ಅಲ್ಲಿ ತಿರುಗುವುದೇ ಇಲ್ಲ.

ಉಳಿದದ್ದರಲ್ಲಿ ಸಲೀಸು ಅಂದರೆ ಕರಾವಳಿಗುಂಟ ಉತ್ತರಕ್ಕೆ ಹೋಗಿ ಅಂಕೋಲಾದಲ್ಲಿ ಬಲಕ್ಕೆ ತಿರುಗಿ ಅರಬೈಲ್ ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಕಡೆ ಹೋಗುವುದು. ಗೋವಾ, ಮಹಾರಾಷ್ಟ್ರಕ್ಕೆ ಕರಾವಳಿ ದಾರಿ ಹಿಡಿದರಂತೂ ಇದೇ ರಸ್ತೆ. ಎರಡಕ್ಕೂ ಬ್ರಹ್ಮಾವರ, ಕುಂದಾಪುರ, ಬೈಂದೂರು ದಾಟಲೇಬೇಕು.

ಬ್ರಹ್ಮಾವರದಿಂದ ಶಿರೂರಿನ ತನಕ ಸುಮಾರು 65 ಕಿ.ಮೀ. ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಭಾರದ ಓಡಿಸಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಲ್ಲದೆ ಹೋದರೂ ನಾಲ್ಕು ಗಂಟೆ ಮೇಲೆ ಬೇಕು. ಸೇತುವೆ, ಟೋಲ್, ವೈರ್ ಎತ್ತುವುದು, ಟಯರ್ ಪರೀಕ್ಷೆ ಸೇರಿದರೆ ಅರ್ಧ ದಿನ ಹೋಗುತ್ತದೆ.

ಇದಕ್ಕಿಂತ ನಿಧಾನದ್ದೂ ಇವೆ. ತಮಿಳುನಾಡಿನಿಂದ ಬೆಂಗಳೂರಿನ ಈಜಿಪುರದ ದೇವಸ್ಥಾನಕ್ಕೆ ಬಂದ ವಿಷ್ಣುವಿನ ಏಕಶಿಲಾ ಮೂರ್ತಿ 2018ರ ಡಿಸೆಂಬರಿನಲ್ಲಿ 240 ಚಕ್ರದ ಗಾಡಿಯಲ್ಲಿ ಹೊರಟು, ತಲುಪಲು ಸುಮಾರು ಆರು ತಿಂಗಳು ತೆಗೆದುಕೊಂಡಿತು. ನಾಸಿಕ್‌ನಿಂದ ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರಕ್ಕೆ 74 ಚಕ್ರದ ಗಾಡಿಯಲ್ಲಿ ಹೋದ ಯಂತ್ರ 2020ರ ಜುಲೈಯಲ್ಲಿ ಮುಟ್ಟುವಾಗ ಹೊರಟು ಹತ್ತಿರ ಹತ್ತಿರ ವರ್ಷವೇ ಕಳೆದಿತ್ತು.

ಅಷ್ಟೊಂದು ಚಕ್ರ ಯಾಕೆ?

ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ನಿಂತರೆ ಮೊಣಕಾಲ ತನಕ ಹೂತು ಹೋಗುತ್ತದೆ. ಅದೇ ಕೆಸರಿಗೆ ಹಲಗೆ ಹಾಕಿ ನಿಂತರೆ ಹೂಳುವುದಿಲ್ಲ. ಭಾರ ಅಷ್ಟೇ, ಹಂಚಿ ಹೋಯಿತು. ಚಕ್ರದ ಲೆಕ್ಕವೂ ಇದೇ.

ಮಾಮೂಲಿ ಲಾರಿಯ ಹಿಂದಿನ ಒಂದು ಆಕ್ಸಲ್‌ಗೆ ನಾಲ್ಕು ಟಯರು, ಮಿತಿ 11.5 ಟನ್. ಅಂದರೆ ಟಯರಿಗೆ ಸುಮಾರು 2.9 ಟನ್. ಓಡಿಸಿಗೆ ಬಳಸುವ ಹೈಡ್ರಾಲಿಕ್ ಟ್ರೈಲರಿನಲ್ಲಿ ಒಂದು ಸಾಲಿಗೆ ಎಂಟು ಟಯರು. ಸಾಲಿಗೆ 18 ಟನ್ ಬಂದರೂ ಟಯರಿಗೆ ಬೀಳುವುದು 2.25 ಟನ್. ಹಾಗಾಗಿ “ದೊಡ್ಡ ಗಾಡಿ ಬಂದು ಡಾಮರು ಎದ್ದುಹೋಯ್ತು” ಅನ್ನುವುದು ಯಾವಾಗಲೂ ನಿಜ ಅಲ್ಲ. ರಸ್ತೆಯ ಮೇಲ್ಮೈಗೆ ಓವರ್‌ಲೋಡ್ ಹಾಕಿದ ಮಾಮೂಲಿ ಲಾರಿಯೇ ಹೆಚ್ಚು ಹಾನಿ ಮಾಡಬಹುದು.

ಈ ಟ್ರೈಲರಿನ ಇನ್ನೊಂದು ವಿಶೇಷ, ಪ್ರತಿ ಸಾಲಿನ ಚಕ್ರವೂ ಬೇರೆ ಬೇರೆ ತಿರುಗುತ್ತದೆ. ಒಳಗಿನ ಎಣ್ಣೆಯ ಒತ್ತಡದಿಂದ ಹಾಸನ್ನು ಮೇಲೆ ಕೆಳಗೆ ಮಾಡಬಹುದು. ರಸ್ತೆ ಒಂದು ಬದಿಗೆ ವಾಲಿದ್ದರೂ ಸರಕನ್ನು ಸಮತಟ್ಟಾಗಿ ಇಡಬಹುದು, ವೈರಿನ ಅಡಿಯಲ್ಲಿ ಸ್ವಲ್ಪ ತಗ್ಗಿ ದಾಟಬಹುದು. ಎಳೆಯುವ ಇಂಜಿನ್ನಿಗೆ ಪುಲ್ಲರ್ ಎಂಬ ಹೆಸರು. ಒತ್ತಿನೆಣೆಯಂಥ ಏರಿನಲ್ಲಿ ಎರಡನೇ ಪುಲ್ಲರ್ ಹಿಂದಿನಿಂದ ದೂಡುತ್ತದೆ. ಇಳಿಜಾರಿನಲ್ಲಿ ಅದೇ ಹಿಂದಕ್ಕೆ ಹಿಡಿದುಕೊಳ್ಳುತ್ತದೆ.

ಕೋಟೇಶ್ವರದ ಕೊಡಿ ಹಬ್ಬದಲ್ಲಿ ತೇರು ಎಳೆಯುವುದನ್ನು ನೋಡಿದವರಿಗೆ ಇದರ ಕ್ರಮ ಹೇಳಿಕೊಡಬೇಕಾಗಿಲ್ಲ. ಹಗ್ಗ ಹಿಡಿದವರು ಬೇರೆ, ಚಕ್ರಕ್ಕೆ ಮರದ ತುಂಡು ಕೊಟ್ಟು ದಿಕ್ಕು ತಪ್ಪದಂತೆ ನೋಡುವವರು ಬೇರೆ, ಮೇಲೆ ವೈರು ತಾಗುತ್ತದಾ ಅಂತ ಕಣ್ಣಿಟ್ಟವರು ಬೇರೆ. ಓಡಿಸಿಯಲ್ಲೂ ಹಾಗೆಯೇ. ಪುಲ್ಲರಿನಲ್ಲಿ ಕೂತ ಡ್ರೈವರಿಗೆ ಹಿಂದಿನ ಚಕ್ರ ಕಾಣುವುದೇ ಇಲ್ಲ. ಪಕ್ಕದಲ್ಲಿ ನಡೆಯುವ ಹುಡುಗನ ಕೈಸನ್ನೆ, ವಾಕಿಟಾಕಿಯೇ ಅವನ ಕಣ್ಣು.

ನಿಜವಾದ ಚಿಂತೆ ಸೇತುವೆಯದ್ದು

ಡಾಮರಿಗೆ ಟಯರಿನ ಲೆಕ್ಕ ಸಾಕು. ಸೇತುವೆಗೆ ಸಾಲದು. ಒಂದೇ ಹೊತ್ತಿಗೆ ಒಂದೇ ಕಡೆ ಎಷ್ಟು ಭಾರ ಬಿತ್ತು ಎಂಬುದು ಅಲ್ಲಿ ಮುಖ್ಯ.

ಒಂದು ಲೆಕ್ಕ ಹಾಕೋಣ. 12 ಸಾಲಿನ ಟ್ರೈಲರ್, ಸಾಲಿಗೆ 18 ಟನ್ ಅಂದರೆ 216 ಟನ್. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್. ಅಷ್ಟೂ ಭಾರ ಸುಮಾರು 17 ಮೀಟರ್ ಉದ್ದದೊಳಗೆ. ಮಾಮೂಲಿ 55 ಟನ್ ಲಾರಿ ನಾಲ್ಕು ಸೇರಿದರೂ ಅಷ್ಟೇ ತೂಕ ಆಗುತ್ತದೆ, ಆದರೆ ಅವು ಸಾಲಾಗಿ ನಿಂತರೆ ಎಪ್ಪತ್ತು ಮೀಟರ್ ಜಾಗ ಬೇಕು. ಭಾರ ಎರಡು ಮೂರು ಕಂಬಗಳ ನಡುವೆ ಹಂಚಿಹೋಗುತ್ತದೆ. ಓಡಿಸಿಯಲ್ಲಿ ಹಾಗಲ್ಲ.

ಹಳೆಯ ಹೆದ್ದಾರಿ ಸೇತುವೆಗಳನ್ನು ಕಟ್ಟುವಾಗ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುತ್ತಿದ್ದ ಅತಿ ಭಾರದ ಗಾಡಿ 100 ಟನ್ನಿನದ್ದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯಲ್ಲಿ 2014ರ ಆವೃತ್ತಿಯಿಂದ 385 ಟನ್ನಿನ ವಿಶೇಷ ವಾಹನದ ಲೆಕ್ಕವೂ ಸೇರಿದೆ. ಅದಕ್ಕೂ ಷರತ್ತಿದೆ: ಗಾಡಿ ಸೇತುವೆಯ ಮಧ್ಯದಲ್ಲೇ ಹೋಗಬೇಕು, ಮಧ್ಯದಿಂದ 30 ಸೆಂ.ಮೀ.ಗಿಂತ ಆಚೀಚೆ ಆಗಬಾರದು. ವೇಗ ಗಂಟೆಗೆ 5 ಕಿ.ಮೀ. ಮೀರಬಾರದು. ಆ ಹೊತ್ತಿಗೆ ಬೇರೆ ಯಾವ ವಾಹನವೂ ಸೇತುವೆ ಮೇಲೆ ಇರಬಾರದು.

ಮಳೆಗಾಲದಲ್ಲಿ ಕಾಲುಸಂಕ ದಾಟುವವರ ಬುದ್ಧಿಯೇ ಇದು. ಒಬ್ಬೊಬ್ಬರೇ, ನಡುವಿನಲ್ಲಿ, ಓಡದೆ.

ನಮ್ಮ ಮೂರು ತಾಲೂಕಿನಲ್ಲಿ ಸೇತುವೆಗೆ ಬರ ಇಲ್ಲ. ಮಾಬುಕಳದಲ್ಲಿ ಸೀತಾನದಿ, ಕುಂದಾಪುರ ದಾಟಿದ ಕೂಡಲೇ ಸಂಗಮ್, ಮುಂದೆ ರಾಜಾಡಿ, ಆಮೇಲೆ ಸೌಪರ್ಣಿಕೆಯ ಅರಾಟೆ ಸೇತುವೆ. ಚತುಷ್ಪಥ ಮಾಡುವಾಗ ಹೆಚ್ಚಿನ ಕಡೆ ಹಳೆ ಸೇತುವೆ ಉಳಿಸಿಕೊಂಡು ಪಕ್ಕದಲ್ಲಿ ಹೊಸತು ಕಟ್ಟಿದ್ದಾರೆ. ಅಂದರೆ ಒಂದು ದಿಕ್ಕಿನ ಗಾಡಿ ಹೊಸ ಸೇತುವೆಯಲ್ಲಿ, ಇನ್ನೊಂದು ದಿಕ್ಕಿನದ್ದು ಹಳೆಯದರಲ್ಲಿ. ಓಡಿಸಿ ಯಾವ ಸೇತುವೆಯಲ್ಲಿ ದಾಟಬೇಕು ಎಂಬುದು ಹಾಗಾಗಿ ಸಣ್ಣ ವಿಷಯ ಅಲ್ಲ.

ಇದೇ ಹೆದ್ದಾರಿಯ ಕಾರವಾರ–ಸದಾಶಿವಗಡ ನಡುವೆ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕನನ್ನು ಜೀವಂತ ಮೇಲೆತ್ತಿದರು. ಅಲ್ಲಿ ಬಿದ್ದದ್ದು ಓಡಿಸಿ ಅಲ್ಲ, ಮಾಮೂಲಿ ಲಾರಿ. ಸುಮಾರು ನಲವತ್ತು ವರ್ಷದ ಸೇತುವೆ ಅದು. ಪಕ್ಕದ ಹೊಸ ಸೇತುವೆ ಇದ್ದ ಕಾರಣ ಹೆದ್ದಾರಿ ಪೂರ್ತಿ ಕಡಿದು ಹೋಗಲಿಲ್ಲ. ಹಳೆ ಸೇತುವೆಗಳ ಮೇಲೆ ಭಾರ ಹೊರಿಸುವ ಮೊದಲು ಅವುಗಳ ಆರೋಗ್ಯ ನೋಡಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅನುಮತಿ ಕೊಡುವುದು ಯಾರು?

ಮಿತಿ ಮೀರಿದ ಸರಕು ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗಲು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕು. ಗಾಡಿ, ಸರಕು, ಆಕ್ಸಲ್, ದಾರಿ ಎಲ್ಲ ನಮೂದಿಸಬೇಕು. ಹೈಡ್ರಾಲಿಕ್ ಟ್ರೈಲರಿನ ಒಟ್ಟು ತೂಕ 169 ಟನ್ ಒಳಗಿದ್ದರೆ ಕ್ರಮ ಸರಳ. ಅದಕ್ಕೂ ಮೇಲಾದರೆ ದಾರಿಯ ಸೇತುವೆಗಳು ತಾಳುತ್ತವಾ ಅಂತ ಪರಿಶೀಲನೆ ಆಗಬೇಕು. ರಾಜ್ಯದ ರಸ್ತೆಯಲ್ಲಿ ಹೋಗುವ ಭಾಗಕ್ಕೆ ರಾಜ್ಯದ ಅನುಮತಿ ಬೇರೆ. ಇದರ ಜೊತೆಗೆ ಆರ್‌ಟಿಒ, ಪೊಲೀಸ್, ವೈರ್ ಎತ್ತಬೇಕಾದಲ್ಲಿ ಮೆಸ್ಕಾಂ.

ಅನುಮತಿ ಇಲ್ಲದೆ ಹೊರಟರೆ? ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ 2019ರ ತಿದ್ದುಪಡಿಯ ನಂತರ ಖಾರವಾಗಿದೆ. ತೂಕ ಮೀರಿದರೆ 20,000 ರೂ. ದಂಡ, ಹೆಚ್ಚಾದ ಪ್ರತಿ ಟನ್‌ಗೆ 2,000 ರೂ. ಬೇರೆ. ಸರಕು ಬಾಡಿಯಿಂದ ಆಚೆ ಚಾಚಿಕೊಂಡಿದ್ದರೆ ಅದಕ್ಕೂ 20,000 ರೂ. ಸಂಬಂಧಪಟ್ಟ ಅಧಿಕಾರಿಯ ವಿನಾಯಿತಿ ಆದೇಶ ಇದ್ದರೆ ಮಾತ್ರ ಚಾಚಿದ್ದಕ್ಕೆ ದಂಡ ಇಲ್ಲ. ಹಾಗಾಗಿ ಸರಿಯಾದ ಓಡಿಸಿ ಗಾಡಿಯಲ್ಲಿ ಅನುಮತಿ ಪತ್ರ ಇದ್ದೇ ಇರಬೇಕು, ಪೊಲೀಸರು ಕೇಳಿದರೆ ತೋರಿಸಲೇಬೇಕು.

ಗುಂಡ್ಮಿಯ ಸಾಸ್ತಾನ ಟೋಲ್ ಮತ್ತು ಶಿರೂರು ಟೋಲ್‌ನ ಬೋರ್ಡಿನಲ್ಲಿ ಕೊನೆಯ ಸಾಲು ಅಧಿಕ ಗಾತ್ರದ ವಾಹನ ಅಂತ ಇರುತ್ತದಲ್ಲ, ಅದು ಏಳು ಅಥವಾ ಅದಕ್ಕಿಂತ ಹೆಚ್ಚು ಆಕ್ಸಲ್ ಇರುವ ಗಾಡಿಗೆ. ಟೋಲ್‌ನ ಮಾಮೂಲಿ ಲೇನ್ 3.2 ಮೀಟರ್ ಅಗಲ. ತೀರಾ ಎಡಬದಿಯ ಲೇನನ್ನು 4.5 ಮೀಟರ್ ಇಡಬೇಕು ಎಂಬುದು ಹೆದ್ದಾರಿ ಮಾನದಂಡ. ಅದಕ್ಕೂ ಅಗಲದ ಸರಕು ಬಂದರೆ ಟೋಲ್‌ನವರೇ ಬೇರೆ ದಾರಿ ಮಾಡಿಕೊಡಬೇಕಾಗುತ್ತದೆ.

ಸಿಡಿಯುತ್ತದಾ?

ಗ್ಯಾಸ್ ಅಂದ ಕೂಡಲೇ ಉಪ್ಪಿನಂಗಡಿ ಹತ್ತಿರದ ಪೆರ್ನೆ ನೆನಪಾಗುತ್ತದೆ. 2013ರ ಏಪ್ರಿಲ್ 9ರಂದು ಅಲ್ಲಿ ಎಲ್‌ಪಿಜಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಹಲವರು ಸತ್ತರು. ಆ ಭಯ ಸಹಜ. ಆದರೆ ಪೆರ್ನೆಯಲ್ಲಿ ಮಗುಚಿದ್ದು ಗ್ಯಾಸ್ ತುಂಬಿದ ಟ್ಯಾಂಕರ್. ಓಡಿಸಿಯಲ್ಲಿ ಬರುವುದು ಇನ್ನೂ ಬಳಸದ, ಖಾಲಿ ಪಾತ್ರೆ. ಒಳಗೆ ತುಕ್ಕು ಹಿಡಿಯಬಾರದು ಅಂತ ಕೆಲವೊಮ್ಮೆ ಸ್ವಲ್ಪ ನೈಟ್ರೋಜನ್ ತುಂಬಿರುತ್ತಾರೆ, ಅದು ಉರಿಯುವ ಅನಿಲ ಅಲ್ಲ. ಹಾಗಾಗಿ ಸ್ಫೋಟದ ಭಯ ಬೇಡ. ಭಯ ಬೇಕಾದ್ದು ವಿದ್ಯುತ್ ತಂತಿಯದ್ದು, ಭಾರ ವಾಲುವುದರದ್ದು. ಸೆಲ್ಫಿ ತೆಗೆಯಲು ಚಕ್ರದ ಹತ್ತಿರ ಹೋಗುವ ಮಕ್ಕಳನ್ನು ದೂರ ನಿಲ್ಲಿಸುವುದು ಒಳ್ಳೆಯದು. ತಂತಿ ತಾಗಿದ್ದು ಕಂಡರೆ ಯಾರೂ ಗಾಡಿ ಮುಟ್ಟಬಾರದು, ಮೊದಲು 1912ಕ್ಕೆ ಫೋನ್ ಮಾಡಬೇಕು.

ಆಂಬುಲೆನ್ಸಿಗೆ ದಾರಿ ಎಲ್ಲಿ?

ಹೆದ್ದಾರಿಯ ಒಂದು ಬದಿಯ ಎರಡು ಲೇನ್ ಸೇರಿ ಅಗಲ 7 ಮೀಟರ್. 5 ಮೀಟರ್ ಅಗಲದ ಸರಕು ಹೋದರೆ ಉಳಿಯುವುದು 2 ಮೀಟರ್. ಡಾಮರು ಹಾಕಿದ ಅಂಚು ಸೇರಿದರೆ ಸ್ವಲ್ಪ ಹೆಚ್ಚು. ಬೈಕ್ ನುಸುಳಬಹುದು, ಆಂಬುಲೆನ್ಸ್ ನುಸುಳುವುದು ಕಷ್ಟ.

ಕೋಟೇಶ್ವರ, ಕುಂದಾಪುರ ಪೇಟೆಯಲ್ಲಾದರೆ ಸರ್ವಿಸ್ ರಸ್ತೆ ಇದೆ. ವರ್ಷಗಟ್ಟಲೆ ಕಾದು 2021ರಲ್ಲಿ ತೆರೆದ ಶಾಸ್ತ್ರಿ ಸರ್ಕಲ್ ಫ್ಲೈಓವರ್ ಮೇಲೆ ದೊಡ್ಡ ಗಾಡಿ ನಿಂತರೂ ಕೆಳಗಿನಿಂದ ಹೋಗಬಹುದು. ಮರವಂತೆಯಲ್ಲಿ? ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಸರ್ವಿಸ್ ರಸ್ತೆಯೂ ಇಲ್ಲ, ಒಳರಸ್ತೆಯೂ ಇಲ್ಲ. ಅಲ್ಲಿ ಟ್ರೈಲರ್ ಕೆಟ್ಟು ನಿಂತರೆ ಇರುವ ಒಂದೇ ಉಪಾಯ ಡಿವೈಡರಿನ ಆಚೆ ಬದಿಯಲ್ಲೇ ಎರಡೂ ದಿಕ್ಕಿನ ಗಾಡಿ ಬಿಡುವುದು. ಅದಕ್ಕೆ ಎರಡೂ ತುದಿಯ ಡಿವೈಡರ್ ತೆರವಿನಲ್ಲಿ ಪೊಲೀಸರು ಬೇಕು. ಪೊಲೀಸರು ಬರಲು ಅವರಿಗೆ ಮೊದಲೇ ಗೊತ್ತಿರಬೇಕು.

ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿ.ಮೀ. ಹೃದಯಾಘಾತ ಆದವರಿಗೆ, ಹೆರಿಗೆ ನೋವಿನವರಿಗೆ ಅರ್ಧ ಗಂಟೆ ಅಂದರೆ ಎಷ್ಟು ಎಂಬುದು ಆ ದಾರಿಯಲ್ಲಿ ಹೋದ ಮನೆಯವರಿಗೆ ಗೊತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ (ಅಂಕೋಲಾ ತಾಲೂಕಿನ ಶಿರೂರು, ನಮ್ಮ ಬೈಂದೂರಿನದ್ದಲ್ಲ) ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆದಾಗ, ಈ ಒಂದೇ ರಸ್ತೆಯ ಮೇಲೆ ಕರಾವಳಿ ಎಷ್ಟು ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಇಲ್ಲಿ ಒಂದು ಸಣ್ಣ ಕೆಲಸ ಆಗಬಹುದು. ಲೈನ್ ದುರಸ್ತಿ ಇದ್ದರೆ ಮೆಸ್ಕಾಂ ಹಿಂದಿನ ದಿನವೇ ವಿದ್ಯುತ್ ವ್ಯತ್ಯಯದ ಪ್ರಕಟಣೆ ಕೊಡುತ್ತದೆ. ಯಾವ ಊರು, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುತ್ತದೆ. ಹಿಟ್ಟಿನ ಮಿಲ್ಲಿನವರು, ಐಸ್ ಪ್ಲಾಂಟಿನವರು ಅದನ್ನು ನೋಡಿಯೇ ಕೆಲಸ ಹೊಂದಿಸಿಕೊಳ್ಳುತ್ತಾರೆ. ಅರ್ಧ ದಿನ ಹೆದ್ದಾರಿ ಹಿಡಿಯುವ ಗಾಡಿಗೆ ಅಂಥ ಪ್ರಕಟಣೆ ಸಾಮಾನ್ಯವಾಗಿ ಬರುವುದಿಲ್ಲ. ಅನುಮತಿ ಪತ್ರದಲ್ಲಿ ದಾರಿ ಇರುತ್ತದೆ, ಗಾಡಿ ನಂಬರ್ ಇರುತ್ತದೆ. ಗಾಡಿ ಹೆಜಮಾಡಿ ಟೋಲ್ ದಾಟಿದಾಗ, ಅಥವಾ ಭಟ್ಕಳ ಬಿಟ್ಟಾಗ ಒಂದು ಸಂದೇಶ ಠಾಣೆಗೆ, 108ರವರಿಗೆ, ಪಂಚಾಯತ್‌ಗೆ ಬಂದರೆ ಆಂಬುಲೆನ್ಸ್ ಚಾಲಕ ಹತ್ತು ನಿಮಿಷ ಮೊದಲು ಸರ್ವಿಸ್ ರಸ್ತೆ ಹಿಡಿಯಬಹುದು. ಇದಕ್ಕೆ ಹೊಸ ಕಾನೂನು ಬೇಡ. ಗ್ರಾಮಸಭೆಯಲ್ಲಿ, ತಾಲೂಕು ಮಟ್ಟದ ಸಭೆಯಲ್ಲಿ ಯಾರಾದರೂ ಕೇಳಬೇಕು ಅಷ್ಟೇ.

ಅಂಗಡಿಯವರು ಗಮನಿಸಬೇಕಾದ್ದು

* ಬೋರ್ಡು, ಶೀಟು, ಕೇಬಲ್ ವೈರು, ಕಂಬಕ್ಕೆ ಗಾಡಿ ತಾಗಿದರೆ ಮೊದಲು ಪುಲ್ಲರ್ ಮತ್ತು ಟ್ರೈಲರ್ ಎರಡರದ್ದೂ ನಂಬರ್ ಬರೆದುಕೊಳ್ಳಿ. ಎರಡೂ ಬೇರೆ ಬೇರೆ ಇರುತ್ತವೆ. ಹಾನಿಯ ಫೋಟೊ, ವಿಡಿಯೊ ಸಮಯ ಕಾಣುವಂತೆ ತೆಗೆಯಿರಿ.

* ಜೊತೆಗೆ ಬರುವ ಎಸ್ಕಾರ್ಟ್ ಜೀಪಿನಲ್ಲಿ ಸಾಮಾನ್ಯವಾಗಿ ಸಾಗಾಟ ಕಂಪನಿಯ ಸೂಪರ್‌ವೈಸರ್ ಇರುತ್ತಾರೆ. ಕಂಪನಿಯ ಹೆಸರು, ಅನುಮತಿ ಪತ್ರದ ಸಂಖ್ಯೆ ಕೇಳಿಟ್ಟುಕೊಳ್ಳಿ. ಬಾಯಿ ಮಾತಿನಲ್ಲಿ ಮುಗಿಸಿ ಕಳಿಸಿದರೆ ಮತ್ತೆ ಹಿಡಿಯುವುದು ಕಷ್ಟ.

* 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಿಮೆಯವರು ಮೊದಲು ಕೇಳುವುದೇ ಅದನ್ನು.

* ಸರಕು ಗಾಡಿಯ ಥರ್ಡ್ ಪಾರ್ಟಿ ವಿಮೆಯಲ್ಲಿ ಇನ್ನೊಬ್ಬರ ಆಸ್ತಿಗೆ ಆದ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂ. ತನಕ ರಕ್ಷಣೆ ಇರುತ್ತದೆ. ಕಂಪನಿ ಒಪ್ಪದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ತಿದ್ದುಪಡಿಯಾದ ಕಾಯ್ದೆ ಆರು ತಿಂಗಳ ಗಡುವು ಹೇಳುತ್ತದೆ, ಹಾಗಾಗಿ ತಡ ಮಾಡಬಾರದು.

* ಶೀಟು, ಬೋರ್ಡು ಹೆದ್ದಾರಿಯ ಜಾಗಕ್ಕೆ ಚಾಚಿದ್ದರೆ ಪರಿಹಾರ ಕೇಳುವಾಗ ಅದೇ ತೊಡಕಾಗುತ್ತದೆ. 2002ರ ರಾಷ್ಟ್ರೀಯ ಹೆದ್ದಾರಿ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆ ಪ್ರಕಾರ ಅದು ಒತ್ತುವರಿ. ನಮ್ಮ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ಮೊದಲೇ ನೋಡಿಕೊಳ್ಳುವುದು ಲೇಸು.

* ಹೆದ್ದಾರಿ ಮೇಲೆ ಕಡಿಮೆ ಎತ್ತರದಲ್ಲಿ ಕೇಬಲ್, ಇಂಟರ್ನೆಟ್ ವೈರ್, ಹಬ್ಬದ ಬ್ಯಾನರ್ ಕಟ್ಟುವುದು ಬೇಡ. ಓಡಿಸಿ ಅಲ್ಲದಿದ್ದರೂ ಎತ್ತರದ ಕಂಟೇನರ್ ಲಾರಿಯೇ ಎಳೆದುಕೊಂಡು ಹೋಗುತ್ತದೆ, ಆಚೆ ಬದಿಯಲ್ಲಿ ಬೈಕಿನವನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

* ಗಾಡಿ ಕೆಟ್ಟು ರಸ್ತೆ ತಡೆಯಾಗಿದ್ದರೆ ಹೆದ್ದಾರಿ ಸಹಾಯವಾಣಿ 1033. ರೋಗಿ ಸಿಕ್ಕಿಹಾಕಿಕೊಂಡಿದ್ದರೆ 108ಕ್ಕೆ ಹೇಳುವಾಗ ಯಾವ ಬದಿ, ಯಾವ ಸೇತುವೆಯ ಹತ್ತಿರ ಎಂದು ಸರಿಯಾಗಿ ಹೇಳಿ. ಎದುರು ಬದಿಯಿಂದ ಬರಬೇಕಾ, ಒಳರಸ್ತೆ ಹಿಡಿಯಬೇಕಾ ಎಂಬುದು ಅದರ ಮೇಲೆಯೇ ತೀರ್ಮಾನವಾಗುತ್ತದೆ.